ಹೂ ಬಿಟ್ಟೂ ಕಾಯಿ ಕಟ್ಟದ ಪ್ಲಮ್ ಮರಕ್ಕೆ ಟೋಕಾ ಕಸಿ: ನನ್ನ ಅನುಭವ

ಅಮೆರಿಕದ ಮಿನೆಸೋಟಾದ ಚಳಿಯಲ್ಲಿ ಪ್ಲಮ್ ಮರ ಬದುಕಿಸುವುದು ಅಷ್ಟೇನೂ ಕಷ್ಟವಲ್ಲ. ಇಲ್ಲಿಗೆಂದೇ ತಯಾರಾದ ಹೈಬ್ರಿಡ್ ತಳಿ ನೆಟ್ಟರೆ ಮರ ಬದುಕುತ್ತದೆ, ಮೇ ತಿಂಗಳಲ್ಲಿ ಕೊಂಬೆ ಕಾಣದಷ್ಟು ಬಿಳಿ ಹೂ ಬಿಡುತ್ತದೆ. ಕಷ್ಟ ಶುರುವಾಗುವುದು ಅದಾದ ಮೇಲೆ. ಹೂ ಉದುರುತ್ತದೆ, ಹೀಚು ನಿಲ್ಲುವುದಿಲ್ಲ. ಮರ ಪೂರ್ತಿ ಹುಡುಕಿದರೂ ಒಂದು ಬೊಗಸೆ ಹಣ್ಣು ಸಿಗುವುದಿಲ್ಲ.

ಮಿನಿಯಾಪೊಲಿಸ್ ಪಕ್ಕದ ಊರಿನಲ್ಲಿ ನಾವು ಮನೆ ಕೊಂಡಾಗ ಹಿತ್ತಲಿನಲ್ಲಿ ಇಂಥದ್ದೇ ಒಂದು ಮರ ಇತ್ತು. ತಳಿಯ ಹೆಸರು ಸುಪೀರಿಯರ್. ಗೊಬ್ಬರ ಕಡಿಮೆಯಾಗಿರಬೇಕು, ಜೇನುಹುಳ ಬರುತ್ತಿಲ್ಲವೇನೋ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಜೇನುಹುಳ ಬರುತ್ತಲೇ ಇದ್ದವು. ಅವು ಹೊತ್ತು ತರುತ್ತಿದ್ದ ಪರಾಗದಲ್ಲೇ ದಮ್ಮಿರಲಿಲ್ಲ. ಕೊನೆಗೆ ಆ ಕೊರತೆ ತುಂಬಿದ್ದು ಟೋಕಾ ಎಂಬ ಇನ್ನೊಂದು ಪ್ಲಮ್ ತಳಿ. ಇದು ಗೊತ್ತಾಗಬೇಕಾದರೆ ಈ ತಳಿಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ತಿಳಿದಿರಬೇಕು.

ಇಲ್ಲಿನ ಹಳ್ಳದ ದಂಡೆ, ರಸ್ತೆ ಬದಿಗಳಲ್ಲಿ ಪೊದೆಪೊದೆಯಾಗಿ ಬೆಳೆಯುವ ಕಾಡು ಪ್ಲಮ್ ಒಂದಿದೆ. ಸಸ್ಯಶಾಸ್ತ್ರದ ಹೆಸರು ಪ್ರೂನಸ್ ಅಮೆರಿಕಾನಾ. ಎಂಥ ಚಳಿಗೂ ಅದು ಜಗ್ಗುವುದಿಲ್ಲ. ಆದರೆ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಹುಳಿ, ಓಟೆಗೆ ತಿರುಳು ಅಂಟಿಕೊಂಡಿರುತ್ತದೆ. ಪೂರ್ವದ ರಾಜ್ಯಗಳಿಂದ ಬಯಲು ಸೀಮೆಗೆ ಬಂದು ನೆಲೆಸಿದ ರೈತರು ತಮ್ಮ ಕಡೆಯ ಹಣ್ಣಿನ ಗಿಡಗಳನ್ನು ತಂದು ನೆಟ್ಟರು. ಚಳಿಗಾಲ ಅವನ್ನು ಉಳಿಸಲಿಲ್ಲ. ಕಾಡು ಪ್ಲಮ್ಮೇ ಗತಿಯಾಯಿತು. ಇನ್ನೊಂದು ಕಡೆ, ಹೊಸ ತಳಿ ತೆಗೆಯುತ್ತಿದ್ದ ಕ್ಯಾಲಿಫೋರ್ನಿಯಾದ ಲೂಥರ್ ಬರ್ಬ್ಯಾಂಕ್ 1885ರಲ್ಲಿ ಜಪಾನಿನಿಂದ ಪ್ಲಮ್ ಸಸಿಗಳನ್ನು ತರಿಸಿದ್ದ. ಅವುಗಳಲ್ಲಿ ಒಂದಕ್ಕೆ ಮುಂದೆ ಅವನದೇ ಹೆಸರು ಬಂತು. ಹಣ್ಣು ದೊಡ್ಡದು, ಗಟ್ಟಿ, ದೂರದ ಪೇಟೆಗೆ ಕಳಿಸಬಹುದು. ಆದರೆ ಉತ್ತರದ ಬಯಲಿನ ಚಳಿಗೆ ಅದರ ಹೂಮೊಗ್ಗು ಸತ್ತೇ ಹೋಗುತ್ತದೆ.

ಈ ಎರಡನ್ನೂ ಕೂಡಿಸಿದರೆ ಹೇಗೆ ಅಂತ ಹಲವರು ಯೋಚಿಸಿದರು. ಅವರಲ್ಲಿ ನನಗೆ ತುಂಬಾ ಇಷ್ಟವಾಗುವವನು ನೀಲ್ಸ್ ಎಬ್ಬೆಸೆನ್ ಹ್ಯಾನ್ಸೆನ್. 1866ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದವನು. ಅಯೋವಾದಲ್ಲಿ ಓದಿ, 1895ರಲ್ಲಿ ಸೌತ್ ಡಕೋಟಾದ ಬ್ರೂಕಿಂಗ್ಸ್ ಕಾಲೇಜಿಗೆ ತೋಟಗಾರಿಕೆ ಪ್ರಾಧ್ಯಾಪಕನಾಗಿ ಬಂದ. ನಮ್ಮೂರಿನಿಂದ ಬ್ರೂಕಿಂಗ್ಸಿಗೆ ಕಾರಿನಲ್ಲಿ ಮೂರೂವರೆ, ನಾಲ್ಕು ಗಂಟೆಯ ದಾರಿ. ಮರ ಕಮ್ಮಿ, ಗಾಳಿ ಜಾಸ್ತಿ. ಅಲ್ಲಿ ನಿಂತು ನೋಡಿದರೆ, ಇಲ್ಲಿ ಹಣ್ಣಿನ ತೋಟ ಮಾಡುತ್ತೇನೆ ಅಂತ ಹೊರಟವನಿಗೆ ಎಂಥ ಹಟ ಇದ್ದಿರಬೇಕು ಅನ್ನಿಸುತ್ತದೆ. 1897ರಲ್ಲಿ ಅಮೆರಿಕದ ಕೃಷಿ ಇಲಾಖೆ ಅವನನ್ನು ಗಿಡ ಹುಡುಕಲು ರಷ್ಯಾ, ತುರ್ಕಿಸ್ತಾನ, ಸೈಬೀರಿಯಾ ಕಡೆ ಕಳಿಸಿತು. ಕುದುರೆ ಗಾಡಿ, ಹಿಮದ ಮೇಲೆ ಎಳೆಯುವ ಜಾರುಬಂಡಿ, ಹೀಗೆ ಅಲೆದ. ಹೆಚ್ಚಾಗಿ ಅವನನ್ನು ನೆನೆಯುವುದು ಅಲ್ಲಿಂದ ತಂದ ಲೂಸರ್ನ್ ಮೇವಿಗಾಗಿ. ಆದರೆ ನಮ್ಮಂಥ ಹಿತ್ತಲಿನ ತೋಟದವರಿಗೆ ಅವನು ಪ್ಲಮ್‌ಗಳ ಹ್ಯಾನ್ಸೆನ್.

ಅವನು ಬರೀ ಜಪಾನಿ ಪ್ಲಮ್‌ಗೆ ಅಂಟಿಕೊಂಡು ಕೂರಲಿಲ್ಲ. ಉತ್ತರ ಚೀನಾದ ಪ್ರೂನಸ್ ಸೈಮೋನಿ ಅಂತ ಇನ್ನೊಂದು ಜಾತಿ ಇದೆ. ಏಪ್ರಿಕಾಟ್ ಪ್ಲಮ್ ಅಂತಲೂ ಕರೆಯುತ್ತಾರೆ. ಚೀನಾದಲ್ಲಿದ್ದ ಯೂಜೀನ್ ಸೈಮನ್ ಎಂಬ ಫ್ರೆಂಚ್ ಅಧಿಕಾರಿ ಅದನ್ನು ಪ್ಯಾರಿಸ್ಸಿಗೆ ಕಳಿಸಿದ್ದರಿಂದ ಆ ಹೆಸರು. ಸ್ವಲ್ಪ ಚಪ್ಪಟೆ ಹಣ್ಣು, ಇಟ್ಟಿಗೆ ಬಣ್ಣ, ಗಟ್ಟಿ ಹಳದಿ ತಿರುಳು. ಪರಿಮಳ ಜೋರು, ಆದರೆ ಕಹಿಯೂ ಇರುತ್ತದೆ. ಇದನ್ನು ಕಾಡು ಪ್ಲಮ್ ಜೊತೆ ಕೂಡಿಸಿ ಹ್ಯಾನ್ಸೆನ್ ಕೆಲವು ತಳಿ ತೆಗೆದ. ಹ್ಯಾನ್ಸ್ಕಾ, ಕಾಗಾ, ಆಮೇಲೆ 1911ರಲ್ಲಿ ಟೋಕಾ.

ಇತ್ತ ಮಿನೆಸೋಟಾ ವಿಶ್ವವಿದ್ಯಾಲಯವೂ ಸುಮ್ಮನಿರಲಿಲ್ಲ. ಎಕ್ಸೆಲ್ಸಿಯರ್ ಊರಿನ ಹತ್ತಿರ ಹಣ್ಣಿನ ತಳಿ ತೆಗೆಯುವುದಕ್ಕೆಂದೇ ಒಂದು ತೋಟ ಮಾಡಿತ್ತು. ಹನಿಕ್ರಿಸ್ಪ್ ಸೇಬು ಬಂದದ್ದೂ ಈ ವಿಶ್ವವಿದ್ಯಾಲಯದಿಂದಲೇ. ಪ್ಲಮ್‌ನಲ್ಲಿ 1920ಕ್ಕೆ ಅಂಡರ್‌ವುಡ್ ಬಂತು, 1933ಕ್ಕೆ ಸುಪೀರಿಯರ್. ಸುಪೀರಿಯರ್‌ನ ಒಂದು ಕಡೆ ಜಪಾನಿನಿಂದ ಬಂದ ಬರ್ಬ್ಯಾಂಕ್ ಪ್ಲಮ್, ಇನ್ನೊಂದು ಕಡೆ ಹ್ಯಾನ್ಸೆನ್‌ನ ಕಾಗಾ. ಅಂದರೆ ವರಸೆಯಲ್ಲಿ ಟೋಕಾ ನಮ್ಮ ಹಿತ್ತಲಿನ ಮರಕ್ಕೆ ಚಿಕ್ಕಮ್ಮ ಆಗಬೇಕು.

ಇಷ್ಟು ತಿಳಿದ ಮೇಲೆ ನನ್ನ ಮರದ ಕಾಯಿಲೆ ಸ್ಪಷ್ಟವಾಯಿತು. ಈ ಜಾತಿಯ ಪ್ಲಮ್‌ಗಳು ಸಾಮಾನ್ಯವಾಗಿ ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ಮರ ಬೇಕು. ಆದರೆ ಬೇರೆ ಮರ ಅಂತ ಇನ್ನೊಂದು ದೊಡ್ಡ ಹಣ್ಣಿನ ಹೈಬ್ರಿಡ್ ನೆಟ್ಟರೂ ಕೆಲಸ ಆಗುವುದಿಲ್ಲ. ಎರಡು ಜಾತಿ ಕೂಡಿದ ಮರದಲ್ಲಿ ಪರಾಗ ತಯಾರಾಗುವಾಗ ಅಪ್ಪನ ಕಡೆಯ ಕ್ರೋಮೋಸೋಮು, ಅಮ್ಮನ ಕಡೆಯದು ಸರಿಯಾಗಿ ಜೊತೆಯಾಗದಿದ್ದರೆ ಬಹುಪಾಲು ಪರಾಗ ಜೊಳ್ಳಾಗುತ್ತದೆ. ಸುಪೀರಿಯರ್, ಅಂಡರ್‌ವುಡ್‌ನಂಥವುಗಳ ಕಥೆ ಇದು. ಅಂಗಡಿಯಲ್ಲಿ ಸಿಗುವ ಯುರೋಪಿನ ನೀಲಿ ಪ್ಲಮ್ ಇನ್ನೂ ದೂರ. ಅದಕ್ಕೆ 48 ಕ್ರೋಮೋಸೋಮು, ಇವಕ್ಕೆ 16. ಅದನ್ನು ಪಕ್ಕದಲ್ಲಿ ನೆಟ್ಟರೆ ನೋಡಲು ಚೆಂದ, ಅಷ್ಟೇ.

ಟೋಕಾ ಕೂಡ ಹೈಬ್ರಿಡ್ಡೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೂ ಅದರ ಪರಾಗ ಚೆನ್ನಾಗಿ ಮೊಳೆಯುತ್ತದೆ. ಹೂವೂ ರಾಶಿ ರಾಶಿ, ಬೇರೆ ಹೈಬ್ರಿಡ್‌ಗಳು ಅರಳುವ ಹೊತ್ತಿಗೇ ಅರಳುತ್ತದೆ. ಹ್ಯಾನ್ಸೆನ್ ತೆಗೆದ ಎಷ್ಟೋ ಪ್ಲಮ್‌ಗಳು ಈಗ ನರ್ಸರಿಗಳಲ್ಲಿ ಕಾಣುವುದೇ ಅಪರೂಪ. ಟೋಕಾ ಮಾತ್ರ ನೂರು ವರ್ಷ ದಾಟಿಯೂ ಮಾರಾಟದಲ್ಲಿದೆ. ನನ್ನ ಪ್ರಕಾರ ಅದಕ್ಕೆ ಮುಖ್ಯ ಕಾರಣ ಅದರ ಹಣ್ಣಲ್ಲ, ಬೇರೆ ಮರಗಳ ಹಣ್ಣು.

ನಂಬಿದರೆ ಸಾಲದು, ನೋಡಬೇಕು ಅನ್ನಿಸಿತು. ಮಗಳ ಮೈಕ್ರೋಸ್ಕೋಪ್ ಇತ್ತು. ನೂರು ಮಿಲಿಲೀಟರ್ ನೀರಿಗೆ ಹತ್ತು, ಹನ್ನೆರಡು ಗ್ರಾಂ ಸಕ್ಕರೆ ಕರಗಿಸಿ, ಚಿಟಿಕೆ ಬೋರಿಕ್ ಪುಡಿ ಹಾಕಿ, ಗಾಜಿನ ಮೇಲೆ ಒಂದು ಹನಿ ಇಟ್ಟು, ಹೂವಿನ ಪರಾಗ ಅದರೊಳಗೆ ಉದುರಿಸಬೇಕು. ಒಣಗದ ಹಾಗೆ ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ಮುಚ್ಚಿ ಕೆಲವು ಗಂಟೆ ಬಿಡಬೇಕು. ಜೀವ ಇರುವ ಪರಾಗ ಎಳೆಯಂಥ ನಾಳ ಹೊರಡಿಸುತ್ತದೆ. ಪರಿಚಯದವರ ತೋಟದ ಟೋಕಾ ಹೂವನ್ನೂ ನಮ್ಮ ಸುಪೀರಿಯರ್ ಹೂವನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಟೋಕಾದಲ್ಲಿ ಎಲ್ಲಿ ನೋಡಿದರೂ ನಾಳ. ಸುಪೀರಿಯರ್‌ನಲ್ಲಿ ಮುದುಡಿದ, ಖಾಲಿ ಕಾಳುಗಳೇ ಜಾಸ್ತಿ. ಮಗಳಿಗೆ ಅದು ಶಾಲೆಯ ಪ್ರಾಜೆಕ್ಟ್ ಆಯಿತು, ನನಗೆ ಕಸಿ ಮಾಡುವ ಧೈರ್ಯ ಬಂತು.

ಆ ವರ್ಷ ಕಸಿಗೆ ಕಾಲ ಮೀರಿತ್ತು. ಹಾಗಾಗಿ ಹಳೆಯ ಉಪಾಯ ಮಾಡಿದೆ. ಅರಳುತ್ತಿರುವ ಟೋಕಾ ಕೊಂಬೆಗಳನ್ನು ಕೇಳಿ ತಂದು, ಬಕೆಟ್ಟಿನ ನೀರಿಗೆ ಹಾಕಿ ಸುಪೀರಿಯರ್ ಕೆಳಗೆ ಇಟ್ಟೆ. ಟೋಕಾ ಸಿಗದವರು ಕಾಡು ಪ್ಲಮ್ ಕೊಂಬೆ ಇಟ್ಟರೂ ಆಗುತ್ತದೆ, ಜಾಗದ ಯಜಮಾನರನ್ನು ಕೇಳಿ ಕಡಿಯಿರಿ. ನೀರು ದಿನಾ ಬದಲಿಸಬೇಕು. ಹೊರಗೆ 12, 13 ಡಿಗ್ರಿಗಿಂತ ತಂಪಿದ್ದರೆ ಸಾಕಿದ ಜೇನುಹುಳ ಸರಿಯಾಗಿ ಹಾರುವುದಿಲ್ಲ. ಅಂಥ ದಿನ ನಾನೇ ಪೇಂಟ್ ಬ್ರಷ್ ಹಿಡಿದು ಹೂವಿಂದ ಹೂವಿಗೆ ಮುಟ್ಟಿಸಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ವಿಚಿತ್ರವಾಗಿ ನೋಡಿದರು. ಆಗಸ್ಟಿನಲ್ಲಿ ಅವರಿಗೂ ಒಂದು ಚೀಲ ಹಣ್ಣು ಹೋಯಿತು ಬಿಡಿ.

ಪ್ರತಿ ವರ್ಷ ಬಕೆಟ್ ಹೊರುವುದಕ್ಕಿಂತ ಮರದಲ್ಲೇ ಒಂದು ಟೋಕಾ ಕೊಂಬೆ ಇರುವುದು ಮೇಲು. ಸಾಗರದ ನಮ್ಮ ಮನೆಯಲ್ಲಿ ಅಪ್ಪ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುತ್ತಿದ್ದರು, ಚಾಕು ಹಿಡಿಯುವುದು ನನಗೆ ಹೊಸದಲ್ಲ. ಇಲ್ಲಿ ಬೇರೆಯಾಗುವುದು ಕಾಲ. ಕಸಿ ಕಡ್ಡಿಯನ್ನು ಮರ ಪೂರ್ತಿ ಮಲಗಿರುವಾಗಲೇ, ಮಾರ್ಚ್ ಮೊದಲ ಭಾಗದಲ್ಲಿ ಕತ್ತರಿಸಿಕೊಳ್ಳಬೇಕು. ಹಿಂದಿನ ಬೇಸಿಗೆಯಲ್ಲಿ ಬೆಳೆದ, ಪೆನ್ಸಿಲ್ ದಪ್ಪದ ಚಿಗುರು ಆಗಬೇಕು. ಒದ್ದೆ ಕಾಗದ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಇಡಬೇಕು. ಸೇಬು, ಬಾಳೆಹಣ್ಣು ಇಡುವ ಖಾನೆಯಿಂದ ದೂರ ಇಡಿ, ಹಣ್ಣು ಬಿಡುವ ಗಾಳಿಗೆ ಮೊಗ್ಗು ಕೆಡುತ್ತದೆ. ಏಪ್ರಿಲ್ ಕೊನೆಗೆ ಮರದ ಮೊಗ್ಗು ಉಬ್ಬಲು ಶುರುವಾಗುತ್ತದೆ, ಮಧ್ಯಾಹ್ನ 15 ಡಿಗ್ರಿ ದಾಟುತ್ತದೆ. ಆಗ ಕಸಿ. ಸೇಬಿನ ಕಸಿ ಇದಕ್ಕಿಂತ ಬೇಗ ಮಾಡಿದರೂ ಹಿಡಿಯುತ್ತದೆ, ಪ್ಲಮ್‌ಗೆ ಬಿಸಿಲು ಬೇಕು.

ಕೊಂಬೆ, ಕಡ್ಡಿ ಎರಡೂ ಒಂದೇ ದಪ್ಪದವು ಆರಿಸಿ, ಎರಡಕ್ಕೂ ಉದ್ದನೆಯ ಓರೆ ಕೊಯ್ಲು ಹಾಕಿ, ಒಂದೊಂದರಲ್ಲಿ ನಾಲಿಗೆಯಂತೆ ಸೀಳು ಬಿಟ್ಟು, ಒಂದಕ್ಕೊಂದು ಸಿಕ್ಕಿಸಿದೆ. ಸಿಪ್ಪೆಯ ಕೆಳಗಿನ ಹಸಿರು ಪದರ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು. ಕಸಿ ಟೇಪು ಬಿಗಿಯಾಗಿ ಸುತ್ತಿ, ಕಡ್ಡಿ ಪೂರ್ತಿ ಪ್ಯಾರಾಫಿಲ್ಮ್ ಎಂಬ ತೆಳು ಮೇಣದ ಹಾಳೆ ಹೊದಿಸಿದೆ. ಮೊಗ್ಗು ಅದನ್ನು ತಾನೇ ತೂರಿಕೊಂಡು ಬರುತ್ತದೆ. ಮರದ ಒಂದೇ ಕಡೆ ಅಲ್ಲ, ಬೇರೆ ಬೇರೆ ದಿಕ್ಕಿನಲ್ಲಿ ಕಟ್ಟಿದೆ. ಕೆಲವು ಹಿಡಿದವು, ಕೆಲವು ಒಣಗಿದವು, ಹಿಡಿದದ್ದೇ ಸಾಕಾಯಿತು. ಟೋಕಾ ನೆಟ್ಟಗೆ, ಬಿರುಸಾಗಿ ಮೇಲೆ ಹೋಗುವ ಜಾತಿ. ಕಸಿ ಕೊಂಬೆಗೆ ಬಣ್ಣದ ದಾರ ಕಟ್ಟಿಡದಿದ್ದರೆ ಕೊಂಬೆ ಸವರುವ ಹೊತ್ತಿಗೆ ಬೇಡದ ಚಿಗುರು ಅಂತ ಕತ್ತರಿಸಿಬಿಡುತ್ತೀರಿ.

ಇದರ ಜೊತೆಗೆ ಒಂದು ಬಿಡಿ ಟೋಕಾ ಮರವನ್ನೂ ಮಾಡಿಕೊಂಡೆ. ಕಾಡು ಪ್ಲಮ್ ಓಟೆಗಳನ್ನು ಶರತ್ಕಾಲದಲ್ಲೇ ಮಣ್ಣಿಗೆ ಹಾಕಿ, ಅಳಿಲು ಅಗೆಯದ ಹಾಗೆ ಮೇಲೆ ಜಾಲರಿ ಹೊದಿಸಿದರೆ ಚಳಿಗಾಲದ ತಂಪು ಕುಡಿದು ವಸಂತದಲ್ಲಿ ಮೊಳೆಯುತ್ತವೆ. ಆ ಸಸಿಯೇ ಬೇರುಗಿಡ, ಅದರ ಮೇಲೆ ಟೋಕಾ ಕಸಿ. ಅದರ ಬೇರು ಈ ಚಳಿಗೆ ಹುಟ್ಟಿದ್ದು. ತೊಂದರೆ ಅಂದರೆ ಬುಡದಿಂದ ಮರಿಗಳು ಏಳುತ್ತಲೇ ಇರುತ್ತವೆ, ಕೀಳುತ್ತಲೇ ಇರಬೇಕು.

2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿಯಿತು. ಅಂಚೆಯವರೂ ಬರಲಿಲ್ಲ. ಏಪ್ರಿಲ್‌ನಲ್ಲಿ ಎರಡೂ ಮರಗಳ ಹೂಮೊಗ್ಗು ಬ್ಲೇಡಿನಲ್ಲಿ ಅಡ್ಡ ಕೊಯ್ದು ನೋಡಿದೆ. ಒಳಗೆ ಹಸಿರಿದ್ದರೆ ಜೀವ ಇದೆ, ಕಪ್ಪು ಚುಕ್ಕೆ ಇದ್ದರೆ ಸತ್ತಿದೆ. ಸುಪೀರಿಯರ್‌ನಲ್ಲಿ ಕಪ್ಪು ಬೇಕಾದಷ್ಟಿತ್ತು. ಟೋಕಾದಲ್ಲಿ ಹುಡುಕಬೇಕಾಯಿತು. ಬರ್ಬ್ಯಾಂಕ್‌ನ ರಕ್ತ ಅರ್ಧ ಇರುವುದಕ್ಕೂ, ಕಾಡು ಪ್ಲಮ್ ರಕ್ತ ಅರ್ಧ ಇರುವುದಕ್ಕೂ ಇರುವ ಅಂತರ ಇದೇ ಇರಬೇಕು.

ಕಾಯಿ ಕಟ್ಟಲು ಶುರುವಾದ ಮೇಲೆ ಬೇರೆ ಕೆಲಸ ಶುರು. ಮೂತಿ ಹುಳು ಹೀಚಿನ ಮೇಲೆ ಅರ್ಧಚಂದ್ರದಂಥ ಗೀರು ಹಾಕಿ ಮೊಟ್ಟೆ ಇಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಕೆಳಗೆ ಹಳೆ ಬೆಡ್‌ಶೀಟ್ ಹಾಸಿ ಕೊಂಬೆ ಜಾಡಿಸಿದರೆ ಹುಳು ಸತ್ತಂತೆ ನಟಿಸಿ ಬೀಳುತ್ತವೆ, ಸಾಬೂನು ನೀರಿಗೆ ಹಾಕುತ್ತೇನೆ. ಹೂವಿನ ಎಸಳು ಉದುರಿದ ಕೂಡಲೇ ಕೇಯೊಲಿನ್ ಜೇಡಿ ಪುಡಿ ಕದಡಿ ಸಿಂಪಡಿಸುವುದೂ ಉಂಟು, ಮರ ಸುಣ್ಣ ಬಳಿದಂತೆ ಕಾಣುತ್ತದೆ. ಕೊಳೆ ರೋಗ ತಗುಲಿ ಒಣಗಿ ಕೊಂಬೆಯಲ್ಲೇ ನೇತಾಡುವ ಹಣ್ಣನ್ನು ಚಳಿಗಾಲಕ್ಕೆ ಬಿಡಬಾರದು. ಇನ್ನು ಸುಪೀರಿಯರ್‌ಗೆ ಒಳ್ಳೆಯ ಪರಾಗ ಸಿಕ್ಕರೆ ಮಿತಿಯೇ ಗೊತ್ತಿಲ್ಲ. ಕೊಂಬೆ ಮುರಿಯುವಷ್ಟು ಕಟ್ಟುತ್ತದೆ. ಜೂನ್‌ನಲ್ಲಿ ಹೀಚು ಕಿತ್ತು, ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಬೆರಳು ಅಂತರ ಬಿಡುತ್ತೇನೆ. ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳಬೇಕು.

ರುಚಿಯ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಸುಪೀರಿಯರ್ ದೊಡ್ಡದು, ರಸ ಮೊಣಕೈಗೆ ಇಳಿಯುತ್ತದೆ. ಟೋಕಾ ಅದಕ್ಕಿಂತ ಚಿಕ್ಕದು, ಕೆಂಪು ಸಿಪ್ಪೆ, ಒಳಗೆ ಏಪ್ರಿಕಾಟ್ ಬಣ್ಣ. ಪರಿಮಳ ಎಷ್ಟು ಜೋರು ಅಂದರೆ ಇಲ್ಲಿನವರು ಬಬಲ್‌ಗಮ್ ಪ್ಲಮ್ ಅಂತಲೇ ಕರೆಯುತ್ತಾರೆ. ನಾನು ಟೋಕಾ ಪಕ್ಷ. ಸಿಪ್ಪೆ ಸ್ವಲ್ಪ ಹುಳಿ, ಹಾಗಾಗಿ ಬೆಲ್ಲ, ಮೆಣಸಿನಪುಡಿ, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿದರೆ ಹುಣಸೆಹಣ್ಣು ಬೇಕಾಗುವುದಿಲ್ಲ.

ಟೋಕಾದ ದೊಡ್ಡ ಕೊರತೆ ಒಂದೇ: ಆಯಸ್ಸು ಕಡಿಮೆ. ಬೇರೆ ಪ್ಲಮ್‌ಗಳಿಗಿಂತ ಬೇಗ ಸೊರಗುತ್ತದೆ ಅಂತ ಇಲ್ಲಿನ ಬೆಳೆಗಾರರೆಲ್ಲ ಹೇಳುತ್ತಾರೆ. ಅದಕ್ಕೇ ಆಗಸ್ಟಿನಲ್ಲಿ, ಸಿಪ್ಪೆ ಸುಲಭವಾಗಿ ಬಿಡುವ ಹೊತ್ತಿಗೆ, ಒಂದೆರಡು ಕಾಡು ಸಸಿಗಳಿಗೆ ಟೋಕಾ ಕಣ್ಣು ಕಸಿ ಮಾಡಿ ಕುಂಡದಲ್ಲಿ ಇಟ್ಟುಕೊಂಡಿರುತ್ತೇನೆ. ಈ ವರ್ಷ ಬೇಲಿ ಪಕ್ಕ ಬ್ಲ್ಯಾಕ್ ಐಸ್ ಕೂಡ ನೆಟ್ಟಿದ್ದೇನೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿವರ್ ಫಾಲ್ಸ್ ಕ್ಯಾಂಪಸ್ಸಿನಲ್ಲಿ ಬ್ರಯಾನ್ ಸ್ಮಿತ್ ತೆಗೆದ ಕಪ್ಪು ಪ್ಲಮ್ ಅದು. ಅದರ ಒಂದು ಕಡೆಯ ಹೆತ್ತವರು ಓಕಾ, ಹ್ಯಾನ್ಸೆನ್ ತೆಗೆದದ್ದೇ. ಅದಕ್ಕೂ ಪರಾಗ ಟೋಕಾದಿಂದಲೇ ಬರಬೇಕು, ಹಾಗಾಗಿ ಕುಂಡದ ಸಸಿಗಳಲ್ಲಿ ಒಂದನ್ನು ಬರುವ ವಸಂತಕ್ಕೆ ಅದರ ಪಕ್ಕ ನೆಲಕ್ಕೆ ಇಳಿಸುತ್ತೇನೆ.