ರೊಟ್ಟಿಯ ಲೆಕ್ಕದಲ್ಲಿ ಬಡಿಯುವ ಕೈಗೂ ಒಂದು ಸಾಲು

ನಮ್ಮ ಕಡೆಯ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಪಿಂಪ್ರಿಯಿಂದ, ಕಾತ್ರಜ್‌ನಿಂದ, ಕೆಲವೊಮ್ಮೆ ಠಾಣೆಯಿಂದಲೂ. "ಅಕ್ಕಾ, ರೊಟ್ಟಿ ಧಂದೆ ಶುರು ಮಾಡಬೇಕಂತ ಮಾಡೀವಿ. ಎಷ್ಟು ಬಂಡವಾಳ ಬೇಕ್ರಿ?" ಎಲ್ಲರದೂ ಇದೇ ಮೊದಲ ಪ್ರಶ್ನೆ. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. "ನಿನ್ನ ಒಂದು ರೊಟ್ಟಿಗೆ ಎಷ್ಟು ಖರ್ಚು ಬೀಳ್ತದ, ಹೇಳವ್ವಾ." ಹಿಟ್ಟಿನ ಲೆಕ್ಕ ತಟ್ಟನೆ ಹೇಳುತ್ತಾರೆ. ಗ್ಯಾಸಿನದೂ ಅಂದಾಜು ಗೊತ್ತಿರುತ್ತದೆ. ಬಡಿಯುವ ಕೈಯ ಕೂಲಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆ ಕೆಲಸ ಅಲ್ವಾ, ಅದಕ್ಕೇನು ಲೆಕ್ಕ ಅನ್ನುವ ಭಾವನೆ. ಪುಣೆಯ ಹಡಪ್ಸರದಲ್ಲಿ ನನ್ನ ವ್ಯಾಪಾರ ಇವತ್ತಿಗೂ ನಡೆಯುತ್ತಿದ್ದರೆ, ಆ ಒಂದು ಸಾಲನ್ನು ಶುರುವಿನಿಂದಲೇ ಲೆಕ್ಕದ ವಹಿಯಲ್ಲಿ ಬರೆದಿದ್ದು ಕಾರಣ. ಹೇಗೆ ಬರೆದೆ, ಅದರಿಂದ ಏನೇನಾಯಿತು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನ ತವರು ಇಂಡಿ ತಾಲ್ಲೂಕು. ಯಜಮಾನರ ಕೆಲಸದ ಸಲುವಾಗಿ ಪುಣೆಗೆ ಬಂದವಳು. ಇಲ್ಲಿ ಭಾಕರಿ, ಅಂದರೆ ಮರಾಠಿಯವರ ರೊಟ್ಟಿ, ತಿನ್ನದ ಮನೆ ಕಡಿಮೆ. ಆದರೆ ಅವರದು ದಿನದಿನದ ಮೆತ್ತನೆ ಭಾಕರಿ. ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ನಮ್ಮ ವಿಜಯಪುರ, ಕಲಬುರಗಿ ಕಡೆಯದು. ಸೋಲಾಪುರ, ಅಕ್ಕಲಕೋಟೆಯವರಿಗೂ ಅದು ಸ್ವಂತದ್ದೇ. ಆ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು ಎಷ್ಟು ಜನ! ಹಾಗಾಗಿ ಗಿರಾಕಿ ಹುಡುಕಲು ನಾನು ಕಷ್ಟಪಡಲಿಲ್ಲ. ಮಗರಪಟ್ಟಾದಲ್ಲಿ ಕೆಲಸ ಮಾಡುವ ಹುಡುಗರು, ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವವರು, ಅವರೇ ಮೊದಲು ಬಂದರು. ಕೆಡದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಮೊಸರು. ರಾತ್ರಿ ಊಟ ಮುಗಿಯಿತು.

ಈಗ ಲೆಕ್ಕ. ಜೋಳದ ಬೆಲೆ ಏರಿಳಿಯುತ್ತಲೇ ಇರುತ್ತದೆ, ಉದಾಹರಣೆಗೆ ಕಿಲೋಗೆ 50 ರೂಪಾಯಿ ಅಂತಿಟ್ಟುಕೊಳ್ಳಿ. ಗಿರಣಿಗೆ 6. ಒಂದು ಕಿಲೋ ಹಿಟ್ಟಿಗೆ ನಮ್ಮಲ್ಲಿ 22 ರೊಟ್ಟಿ ಬರುತ್ತವೆ. ಅಂದರೆ ಒಂದು ರೊಟ್ಟಿಯ ಹಿಟ್ಟು ಸುಮಾರು 2 ರೂಪಾಯಿ 55 ಪೈಸೆ. ಗ್ಯಾಸ್ 75 ಪೈಸೆ. ಇದು 19 ಕಿಲೋದ ವ್ಯಾಪಾರದ ಸಿಲಿಂಡರಿನ ಲೆಕ್ಕ. ಮನೆಯ 14.2 ಕಿಲೋ ಸಿಲಿಂಡರ್ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ಅದರ ದರ ಹಿಡಿದು ಲೆಕ್ಕ ಹಾಕಿದರೆ ಎಲ್ಲಾ ತಪ್ಪುತ್ತದೆ. ಬಡಿದು ಬೇಯಿಸುವ ಕೂಲಿ 2 ರೂಪಾಯಿ. ಪಾಕೀಟು, ಲೇಬಲ್ 60 ಪೈಸೆ. ಮುರಿದು ಹೋಗುವುದಕ್ಕೆ 30 ಪೈಸೆ. ಜಾಗದ ಬಾಡಿಗೆ, ಕರೆಂಟು, ರಿಕ್ಷಾ ಸೇರಿ 1 ರೂಪಾಯಿ. ಇಲ್ಲಿಗೆ 7.20 ಆಯಿತು. ಇದರ ಮೇಲೆ ನನ್ನ ಸ್ವಂತ ಸಂಬಳ ಅಂತ ರೊಟ್ಟಿಗೆ 1 ರೂಪಾಯಿ. ಒಟ್ಟು 8.20. ಹತ್ತು ರೊಟ್ಟಿಯ ಪಾಕೀಟಿಗೆ 120 ರೂಪಾಯಿ ಅಂತ ಬರೆದರೆ, ಕಿರಾಣಿ ಅಂಗಡಿಯವರು 20 ಪರ್ಸೆಂಟ್ ಇಟ್ಟುಕೊಂಡು ನಮಗೆ 96 ಕೊಡುತ್ತಾರೆ. ರೊಟ್ಟಿಗೆ 1 ರೂಪಾಯಿ 40 ಪೈಸೆ ಉಳಿಯಿತು. ಲಾಭ ಅನ್ನುವುದು ಇಷ್ಟೇ.

ಕೂಲಿಯ 2 ರೂಪಾಯಿ, ನನ್ನ ಸಂಬಳದ 1 ರೂಪಾಯಿ ತೆಗೆದು ಹಾಕಿ ನೋಡಿ. ರೊಟ್ಟಿಗೆ 4.40 ಉಳಿದಂತೆ ಕಾಣುತ್ತದೆ. ಆಗ ಪಾಕೀಟನ್ನು 90ಕ್ಕೂ ಕೊಡಬಹುದು ಅನಿಸುತ್ತದೆ. ಮನೆಯಲ್ಲೇ ಬಡಿಯುವವರು ಹಾಗೇ ಕೊಡುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಮುಂದೆ ಕೂತವಳ ದುಡಿಮೆಯನ್ನು ಗಿರಾಕಿಗೆ ಪುಕ್ಕಟೆ ಕೊಟ್ಟ ಹಾಗೆ. ಅವಳಿಗೆ ಜ್ವರ ಬಂದ ದಿನ, ಬದಲಿಗೆ ಒಬ್ಬರನ್ನು ಕೂರಿಸಲೂ ಆ ದರದಲ್ಲಿ ದುಡ್ಡಿರುವುದಿಲ್ಲ. ವ್ಯಾಪಾರ ಬೆಳೆಯುವುದು ಅಂದರೆ ಎರಡನೇ ಕೈ, ಮೂರನೇ ಕೈ ಸೇರುವುದು. ಆ ಕೈಗಳ ಕೂಲಿ ಮೊದಲ ಪಾಕೀಟಿನ ಬೆಲೆಯಲ್ಲೇ ಇರಬೇಕು. ಆಮೇಲೆ ಏರಿಸುತ್ತೇನೆ ಅಂದರೆ ಅಂಗಡಿಯವರು ಒಪ್ಪುವುದಿಲ್ಲ.

ನನ್ನಲ್ಲಿಗೆ ಮೊದಲು ಬಂದವರು ಸಿಂದಗಿ ಕಡೆಯ ಒಬ್ಬ ಅಕ್ಕ. ಅವರ ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಆ ಅಕ್ಕ ರೊಟ್ಟಿ ಬಡಿಯುವುದನ್ನು ಒಮ್ಮೆ ನೋಡಬೇಕು. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ಸೌಟಿನಿಂದ ಕೂಡಿಸುತ್ತಾರೆ. ಕೈ ತಾಳುವಷ್ಟು ಆರಿದ ಕೂಡಲೇ ನಾದಲು ಶುರು. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ಬಿಸಿ ಎಸರಿಗೆ ಹಿಟ್ಟಿನ ಪಿಷ್ಟ ಬೆಂದರೆ ಮಾತ್ರ ಜಿಗಿ ಬರುತ್ತದೆ. ಆರುವವರೆಗೆ ಕಾದರೆ ಅಂಚು ಬಿರಿಯುತ್ತದೆ. ಉಂಡೆಯನ್ನು ಒಂದು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯಿಂದ ಬಡಿಯುತ್ತಾ ಹೋಗುತ್ತಾರೆ. ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ಮಗುಚುತ್ತಾರೆ. ಆಮೇಲೆ ಇನ್ನೊಂದು ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಖಡಕ್ ಮಾಡುವುದು. ನಡುವೆ ದಪ್ಪ ಉಳಿದರೆ ಅಲ್ಲಿ ಹಸಿ ನಿಲ್ಲುತ್ತದೆ, ಪಾಕೀಟಿನೊಳಗೆ ಬೂಷ್ಟು ಹಿಡಿಯುವುದೂ ಅಲ್ಲಿಂದಲೇ. ಅವರು ಪ್ರತಿ ರೊಟ್ಟಿಯನ್ನೂ ಬೆರಳಿನಿಂದ ತಟ್ಟಿ ಸಪ್ಪಳ ಕೇಳುತ್ತಾರೆ. ಡಬ್ ಅಂದರೆ ಮತ್ತೆ ಹೆಂಚಿಗೆ. ಟಣ್ ಅಂದರೆ ಮಾತ್ರ ಬುಟ್ಟಿಗೆ. ಈ ಕೆಲಸಕ್ಕೆ ರೊಟ್ಟಿಗೆ 2 ರೂಪಾಯಿ ಜಾಸ್ತಿ ಅಂತ ಯಾರಾದರೂ ಅಂದರೆ, ಒಂದು ದಿನ ಬಂದು ಕೂತು ನೋಡಿ ಅನ್ನುತ್ತೇನೆ.

ದಿನಗೂಲಿ ಬೇಡ, ರೊಟ್ಟಿಯ ಲೆಕ್ಕದಲ್ಲೇ ಕೊಡಿ ಅಂದವರೂ ಅವರೇ. "ಅಕ್ಕೋರೆ, ನನಗ ಸಾಲಿ ಬಿಡೂ ಹೊತ್ತಿಗೆ ಮನೀಗ್ ಹೋಗಬೇಕ್ರಿ. ಎಷ್ಟು ಬಡೀತೀನೋ ಅಷ್ಟಕ್ಕ ಕೊಡ್ರಿ, ನಂದೂ ಮನಸ್ಸಿಗೆ ಸಮಾಧಾನ." ಆ ಪದ್ಧತಿ ಎಲ್ಲರಿಗೂ ಒಗ್ಗಿತು. ಒಬ್ಬರು 150 ಬಡಿದು ಎದ್ದು ಹೋಗುತ್ತಾರೆ, ಇನ್ನೊಬ್ಬರು 250ರ ತನಕ ಕೂರುತ್ತಾರೆ. ಎರಡು ನಿಯಮ ಇಟ್ಟೆ. ಮುರಿದ ರೊಟ್ಟಿಗೂ ಕೂಲಿ ಕೊಡುತ್ತೇನೆ, ಇಲ್ಲದಿದ್ದರೆ ಮುರಿದಿದ್ದನ್ನು ಪಾಕೀಟಿನ ನಡುವೆ ಸೇರಿಸುವ ಆಸೆ ಬರುತ್ತದೆ. ಮುರುಕುಗಳನ್ನು ಒಗ್ಗರಣೆ ಮಾಡಿ ತಿನ್ನುವವರಿಗೆ ಕಡಿಮೆ ದರಕ್ಕೆ ಬೇರೆ ಕೊಡುತ್ತೇವೆ. ಎರಡನೆಯದು, ಕೂಲಿ ಶನಿವಾರಕ್ಕೆ ಶನಿವಾರ. ನನಗೆ ಅಂಗಡಿಯಿಂದ ದುಡ್ಡು ಬಂದಿರಲಿ, ಬರದೇ ಇರಲಿ.

ಮಳೆಗಾಲದ ವಿಷಯ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯ ಗಾಳಿಯಲ್ಲೇ ತೇವ. ಬೆಳಗ್ಗೆ ಟಣ್ ಅಂದ ರೊಟ್ಟಿ ಸಂಜೆಗೆ ಮೆತ್ತಗೆ. ಆಗ ನಾವು ಕಡಿಮೆ ಮಾಡುತ್ತೇವೆ, ಪೂರ್ತಿ ಆರಿದ ತಕ್ಷಣ ಪಾಕೀಟು ಹಾಕಿ ಸೀಲ್ ಮಾಡುತ್ತೇವೆ. ಬಿಸಿ ಇರುವಾಗ ಹಾಕಿದರೆ ಒಳಗೆ ಬೆವರುತ್ತದೆ, ತಡಮಾಡಿದರೆ ಹೊರಗಿನ ತೇವ ಹೀರುತ್ತದೆ. ತೆಳ್ಳನೆ ಪಾಲಿಥಿನ್ ಬಿಟ್ಟು ದಪ್ಪನೆಯ ಪಾಕೀಟು ತೆಗೆದುಕೊಂಡಿದ್ದೂ ಇದಕ್ಕೇ. ಹಿಟ್ಟನ್ನೂ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುತ್ತೇವೆ. ಹಳೇ ಹಿಟ್ಟಿಗೆ ಜಿಗಿ ಇರಲ್ಲ, ಕಹಿಯೂ ಆಗುತ್ತದೆ. ಇನ್ನು ಪಂಢರಪುರಕ್ಕೆ ಹೋಗುವ ಸಂತರ ಪಾಲಕಿ ಹಡಪ್ಸರ ದಾಟುವ ದಿನ ರಸ್ತೆಯೆಲ್ಲ ಬಂದ್. ಆಳಂದಿಯ ಜ್ಞಾನೇಶ್ವರರ ಪಾಲಕಿ, ದೇಹೂವಿನ ತುಕಾರಾಮರ ಪಾಲಕಿ ಎರಡೂ ಇಲ್ಲಿಂದಲೇ ಬೇರೆ ಬೇರೆ ದಾರಿ ಹಿಡಿಯುವುದು. ಆ ದಿನ ನಾವು ಮಾರುವುದಿಲ್ಲ, ಪಂಢರಪುರಕ್ಕೆ ಹೊರಟ ವಾರಕರಿಗಳಿಗೆ ರೊಟ್ಟಿ, ಚಟ್ನಿ ಕೊಡುತ್ತೇವೆ. ನಡೆದು ಹೋಗುವವರಿಗೆ ಖಡಕ್ ರೊಟ್ಟಿಯಂಥ ಬುತ್ತಿ ಬೇರೆ ಯಾವುದಿದೆ!

ಕಾಗದಪತ್ರಕ್ಕೆ ಹೆದರುವವರು ಬಹಳ. ಅಷ್ಟು ಹೆದರುವಂಥದ್ದು ಏನಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ನಾನು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ನಂಬರ್ ಪಾಕೀಟಿನ ಮೇಲೆ ಇರಲೇಬೇಕು, ಹಸಿರು ಚುಕ್ಕೆ, ಬೆಲೆ, ಮಾಡಿದ ದಿನ, ವಿಳಾಸ, ಫೋನ್ ನಂಬರಿನ ಜೊತೆಗೆ. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಆನ್‌ಲೈನ್‌ನಲ್ಲಿ ತಿಳಿಸಿದರೆ ಆಗ ಸಾಕಿತ್ತು. ಇಲ್ಲಿನವರು ಅದನ್ನು ಈಗಲೂ ಗುಮಾಸ್ತಾ ಅಂತಲೇ ಕರೆಯುತ್ತಾರೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ. ಅದಕ್ಕೆ ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ.

ಈ ಉದ್ಯಮ್ ನಂಬರ್ ಸುಮ್ನೆ ಗೋಡೆಗೆ ಹಾಕಲು ಅಲ್ಲ. ಉದ್ರಿ ವಸೂಲಿಗೆ ಅದು ನಿಜವಾಗಿ ಬೇಕು. ಒಂದು ದೊಡ್ಡ ಕೇಟರಿಂಗ್‌ನವರು ನಮ್ಮಿಂದ ರೊಟ್ಟಿ ತರಿಸುತ್ತಿದ್ದರು. ಆರ್ಡರ್ ದೊಡ್ಡದು, ದುಡ್ಡು ಮಾತ್ರ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಗೆ ಕೊಳ್ಳುವವರು 15 ದಿನದಲ್ಲಿ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023–24ರಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಈ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಕೊಡುವ ತನಕ ಅವರು ಖರ್ಚು ಅಂತ ತೋರಿಸುವ ಹಾಗಿಲ್ಲ. ನಾನು ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿದೆ. ಒಂದು ಪತ್ರ ಬರೆದು ಈ ವಿಷಯ ಮರ್ಯಾದೆಯಿಂದಲೇ ತಿಳಿಸಿದೆ. ಅವರ ಅಕೌಂಟೆಂಟ್ ಮಾರ್ಚ್ ಮುಗಿಯುವುದರೊಳಗೆ ಬಾಕಿ ಚುಕ್ತಾ ಮಾಡಿದರು. ಅಲ್ಲಿಂದ ಅವರಿಗೆ ಅರ್ಧ ದುಡ್ಡು ಮುಂಗಡ ಬಂದರೆ ಮಾತ್ರ ಮಾಲು. ಕಿರಾಣಿ ಅಂಗಡಿಗಳಿಗೆ ನನ್ನ ನಿಯಮ ಇನ್ನೂ ಸರಳ. ಹೊಸ ಪಾಕೀಟು ಇಡುವಾಗ ಹಳೇ ಪಾಕೀಟಿನ ದುಡ್ಡು ಕೊಡಬೇಕು. ಇದಕ್ಕೆ ಒಪ್ಪದೆ ಕೆಲವರು ಬಿಟ್ಟರು. ಬಿಡಲಿ. ಉದ್ರಿಯಲ್ಲಿ ಸಿಕ್ಕಿಕೊಂಡಿರುವುದು ಶನಿವಾರದ ಕೂಲಿ.

ಬೇಡಿಕೆ ಬೆಳೆದಾಗ ಎಲ್ಲರೂ ರೊಟ್ಟಿ ಮೆಷಿನ್ ತಗೋ ಅಂದರು. ಹೋಗಿ ನೋಡಿ ಬಂದೆ. ದುಂಡಗೆ, ಒಂದೇ ಅಳತೆಗೆ ಬರುತ್ತದೆ, ನಿಜ. ಆದರೆ ಕೈಯಲ್ಲಿ ಬಡಿದ ರೊಟ್ಟಿಯ ಪದರ ಅದರಲ್ಲಿ ನನಗೆ ಸಿಗಲಿಲ್ಲ. ನಮ್ಮ ಗಿರಾಕಿಗಳು ದುಡ್ಡು ಕೊಡುವುದು ಆ ಪದರಕ್ಕೆ. ಹೆಣ್ಣುಮಕ್ಕಳ ರಟ್ಟೆ ಸೋಲುತ್ತಿದ್ದುದು ನಾದುವುದರಲ್ಲಿ. ಹಾಗಾಗಿ ಹಿಟ್ಟು ನಾದುವ ಮೆಷಿನ್, ಸಣ್ಣ ಗಿರಣಿ, ಒಳ್ಳೆಯ ಸೀಲಿಂಗ್ ಮೆಷಿನ್ ತೆಗೆದುಕೊಂಡೆ. ಬಡಿಯುವುದು ಕೈಯಲ್ಲೇ ಉಳಿಯಿತು. ಇದಕ್ಕೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಮಾಡಿದೆ. ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ್ದು. ನಾನು ಸಾಲ ಮಾಡುವಾಗ 35 ಪರ್ಸೆಂಟ್ ಸಹಾಯಧನ ಇತ್ತು, ಗರಿಷ್ಠ 10 ಲಕ್ಷ. ಮಹಾರಾಷ್ಟ್ರದಲ್ಲಿ ಕೃಷಿ ಇಲಾಖೆಯವರು ನೋಡಿಕೊಳ್ಳುತ್ತಿದ್ದರು. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಜಿಲ್ಲೆಗೆ ನೇಮಿಸಿದ ಸಂಪನ್ಮೂಲ ವ್ಯಕ್ತಿ ಸಹಾಯ ಮಾಡಿದರು. ಒಂದು ಮಾತು ನೆನಪಿಡಿ. ಸಹಾಯಧನ ಕೈಗೆ ಸಿಗುವ ದುಡ್ಡಲ್ಲ, ಕಂತು ಸರಿಯಾಗಿ ಕಟ್ಟುತ್ತಾ ಹೋದರೆ ಮುಂದೆ ಸಾಲಕ್ಕೆ ಜಮಾ ಆಗುತ್ತದೆ. ಅಷ್ಟು ದೊಡ್ಡದು ಬೇಡ ಅನ್ನುವವರಿಗೆ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ ಇದೆ, 50,000ದ ತನಕ, ಅಡಮಾನ ಬೇಡ. ಬ್ಯಾಂಕಿನವರು ನನ್ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಆ ಲೆಕ್ಕದ ವಹಿಯನ್ನು. ಕೂಲಿ, ಸಂಬಳ ಎರಡೂ ಕಳೆದು ಉಳಿದ ಲಾಭ ಅದರಲ್ಲಿ ಕಾಣುತ್ತಿತ್ತು.

ವರ್ಷದಲ್ಲಿ ನಮಗೆ ಸುಗ್ಗಿ ಅಂದರೆ ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿ ತನಕ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಮ್ಮವರಿಗೂ ಬೇಕು, ಮರಾಠಿಯವರಿಗೂ ಬೇಕು. ಅದಕ್ಕೆ ಆರ್ಡರನ್ನು ಮುಂಚೆಯೇ ಬರೆದುಕೊಂಡು, ಕೈಯಿಂದ ಆಗುವಷ್ಟಕ್ಕೇ ನಿಲ್ಲಿಸುತ್ತೇನೆ. ಪುಣೆಯ ಡಿಸೆಂಬರಿನ ಭೀಮಥಡಿ ಜತ್ರೆಯಂಥ ಕಡೆ ಸ್ವಸಹಾಯ ಸಂಘಗಳ, ಅಂದರೆ ಬಚತ್ ಗಟ್‌ಗಳ ಮಳಿಗೆ ನೋಡಿ ಬನ್ನಿ, ಯಾರು ಏನು ದರಕ್ಕೆ ಮಾರುತ್ತಾರೆ ಅಂತ ಒಂದೇ ಸುತ್ತಿನಲ್ಲಿ ತಿಳಿಯುತ್ತದೆ.

ಸಿಂದಗಿಯ ಆ ಅಕ್ಕ ಈಗ ಚಿಂಚವಾಡದಲ್ಲಿ ತಮ್ಮದೇ ಒಲೆ ಹೂಡಿದ್ದಾರೆ. ಪೈಪೋಟಿ ಆಗುತ್ತದಲ್ಲ ಅಂತ ನನಗೆ ಹಲವರು ಹೇಳಿದರು. ಪುಣೆ ಎಷ್ಟು ದೊಡ್ಡದು, ಆ ಕಡೆಯ ಅಂಗಡಿಗಳಿಗೆ ಹಡಪ್ಸರದಿಂದ ರಿಕ್ಷಾ ಕಳಿಸಿದರೆ ಬಾಡಿಗೆಯಲ್ಲೇ ಲಾಭ ಹೋಗುತ್ತಿತ್ತು. ನಿಗಡಿ, ಆಕುರ್ಡಿಯ ನನ್ನ ಅಂಗಡಿಗಳನ್ನು ಅವರಿಗೇ ಬಿಟ್ಟುಕೊಟ್ಟೆ. ದರ ಇಬ್ಬರದೂ ಒಂದೇ, ಬಡಿಯುವ ಕೂಲಿಯೂ ಒಂದೇ. ಭೋಗಿ ಹೊತ್ತಿನಲ್ಲಿ ನನಗೆ ಕೈ ಸಾಲದಿದ್ದರೆ ಅವರ ಕಡೆಯಿಂದ ರೊಟ್ಟಿ ತರಿಸುತ್ತೇನೆ, ಬಿಲ್ ಹಾಕಿಯೇ. ಫೆಬ್ರವರಿ, ಮಾರ್ಚ್‌ನಲ್ಲಿ ಹಿಂಗಾರಿ ಜೋಳ ಬಂದಾಗ ಇಂಡಿಯಿಂದ ಮಾಲದಂಡಿ ತಳಿಯ ಜೋಳ ಒಟ್ಟಿಗೇ ತರಿಸುತ್ತೇವೆ. ಲಾರಿ ಬಾಡಿಗೆ ಚೀಲದ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇವೆ.