ಹೂ ಬಿಡದ ಕ್ಯಾನಾಗೆ ಹಾರೆಯೇ ಮದ್ದು

ನಾಲ್ಕು ವರ್ಷ ಬಚ್ಚಲ ನೀರು ಕುಡಿದು ಧಾರಾಳವಾಗಿ ಹೂ ಕೊಟ್ಟ ನಮ್ಮ ದಾವಣಗೆರೆ ಮನೆಯ ಕ್ಯಾನಾ, ಐದನೆಯ ವರ್ಷ ಬರೀ ಎಲೆ ಬಿಟ್ಟಿತು. ಹಸಿವಾಗಿರಬೇಕೆಂದು ಎರಡು ಬುಟ್ಟಿ ಸಗಣಿ ಗೊಬ್ಬರ ಸುರಿದೆ. ಎಲೆ ಇನ್ನಷ್ಟು ಕೊಬ್ಬಿತು, ಹೂವಿನ ಸುಳಿವಿಲ್ಲ. ಕೊನೆಗೆ ಅಗೆದು ನೋಡಿದರೆ ಗೆಡ್ಡೆಯ ಮೇಲೆ ಗೆಡ್ಡೆ ಹೆಣೆದುಕೊಂಡು ನಡುಭಾಗ ಬೆಂಡಾಗಿತ್ತು. ಹಳಬರು ಕಾಬಾಳೆ ಎನ್ನುವ ಈ ಗಿಡ ಕೇಳುತ್ತಿದ್ದದ್ದು ಗೊಬ್ಬರವನ್ನಲ್ಲ, ಜಾಗವನ್ನು.

ಗೆಡ್ಡೆ ಬಿಡಿಸಲು ವಸಂತಕಾಲ ಒಳ್ಳೆಯದು ಎನ್ನುತ್ತವೆ ಶೀತದೇಶದ ಪುಸ್ತಕಗಳು. ಅದನ್ನು ನಂಬಿ ಒಂದು ಯುಗಾದಿಗೆ ಚಿತ್ರದುರ್ಗದ ತಂಗಿಯ ಅಂಗಳದಲ್ಲಿ ಹತ್ತು ತುಂಡು ನೆಟ್ಟೆ, ಬದುಕಿದ್ದು ಎರಡು. ನಮ್ಮ ವಸಂತವೆಂದರೆ ಬಿಸಿಲು. ಮೃಗಶಿರ ಮಳೆ ಬಿದ್ದು ನೆಲ ತಣಿಯುವವರೆಗೆ, ಅಂದರೆ ಜೂನ್ ಎರಡನೆಯ ವಾರದವರೆಗೆ, ಕಾಯಿರಿ.

ಮಳೆ ಇಲ್ಲದಿದ್ದರೆ ಹಿಂದಿನ ದಿನ ಬುಡಕ್ಕೆ ನೀರು ಹಾಕಿ. ದಂಟುಗಳನ್ನು ಒಂದು ಗೇಣು ಉಳಿಸಿ ಕತ್ತರಿಸಿ. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಹಾರೆ ಹಾಕಿ ಇಡೀ ಗುಂಪನ್ನು ಮೀಟಿ ಎತ್ತಿ. ಬುಡಕ್ಕೇ ಹಾರೆ ಇಳಿಸಿದರೆ ಒಳ್ಳೆಯ ಗೆಡ್ಡೆಗಳೇ ಸೀಳುತ್ತವೆ. ಮಣ್ಣು ಕೊಡವಿದಾಗ ಗೆಡ್ಡೆಯ ಮೇಲೆ ಕೆಂಪಗೆ ಉಬ್ಬಿದ ಕಣ್ಣುಗಳು ಕಾಣುತ್ತವೆ. ಪ್ರತಿ ತುಂಡಿನಲ್ಲೂ ಎರಡು ಮೂರು ಕಣ್ಣು ಇರುವಂತೆ ಹರಿತವಾದ ಚಾಕುವಿನಿಂದ ಕತ್ತರಿಸಿ. ಅಂಚಿನ ಗೆಡ್ಡೆಗಳನ್ನು ಇಟ್ಟುಕೊಂಡು ನಡುವಿನ ಬೆಂಡನ್ನು ಗೊಬ್ಬರದ ಗುಂಡಿಗೆ ಎಸೆಯಿರಿ. ಇಲ್ಲಿ ಕೈ ನಡುಗಬಾರದು.

ಎಲೆಯಲ್ಲಿ ಹಳದಿ ಗೆರೆಗಳಿದ್ದು ಗಿಡ ಸೊರಗಿದ್ದರೆ ಅದು ವೈರಸ್ ಇರಬಹುದು. ಅದರ ತುಂಡನ್ನು ನೆಡಬೇಡಿ, ನೆರೆಯವರಿಗೂ ಕೊಡಬೇಡಿ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸೋಪು ನೀರಿನಲ್ಲಿ ತೊಳೆಯಿರಿ.

ಕತ್ತರಿಸಿದ ತುಂಡುಗಳು ನೆರಳಿನಲ್ಲಿ ಒಂದು ದಿನ ಆರಲಿ. ಬಳಿಕ ಕಣ್ಣು ಮೇಲಿರುವಂತೆ ಮಲಗಿಸಿ, ಮೇಲೆ ನಾಲ್ಕು ಬೆರಳು ಮಣ್ಣು ಎಳೆಯಿರಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಸಾಕು. ದಾವಣಗೆರೆಯ ಎರೆಮಣ್ಣಿನಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಸಾಲನ್ನು ಏರಿಸಿ, ಅಕ್ಕಿ ಗಿರಣಿಯ ಹೊಟ್ಟು ಬೆರೆಸಿ. ದುರ್ಗದ ಕೆಂಪು ಗರಸಿನಲ್ಲಿ ತೊಂದರೆ ತಿರುಗುಮುರುಗು: ಬುಡಕ್ಕೆ ಒಣ ಎಲೆಯನ್ನೋ ಅಡಿಕೆ ಸಿಪ್ಪೆಯನ್ನೋ ಹೊದಿಸದಿದ್ದರೆ ತೇವ ನಿಲ್ಲುವುದಿಲ್ಲ. ಗಣೇಶನ ಹಬ್ಬದ ಆಸುಪಾಸಿನಲ್ಲಿ ಮೊದಲ ಹೂ ನಿರೀಕ್ಷಿಸಬಹುದು.

ಡೇ ಲಿಲ್ಲಿಗೂ ಹೆಲಿಕೋನಿಯಾಕ್ಕೂ ಹೆಚ್ಚು ಕಡಿಮೆ ಇದೇ ಕ್ರಮ. ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಮಾತ್ರ ಎಲೆ ತುಂಡಿನಿಂದ ಬೆಳೆಸಬೇಡಿ. ಎಲೆ ಬೇರು ಬಿಡುತ್ತದೆ, ಆದರೆ ಬರುವ ಮರಿಗಳು ಬರೀ ಹಸಿರು. ಅಂಚು ಉಳಿಯಬೇಕಾದರೆ ಬುಡದ ಮರಿಯನ್ನೇ ಬೇರ್ಪಡಿಸಬೇಕು.

ಸೇವಂತಿಗೆಯ ಹೂ ಮುಗಿದ ಮೇಲೆ ಗಿಡವನ್ನು ಗಿಡ್ಡಗೆ ಕತ್ತರಿಸಿದರೆ ಬುಡದಲ್ಲಿ ಮರಿಗಳೇಳುತ್ತವೆ. ಬೇಸಿಗೆಯಲ್ಲಿ ಅವನ್ನು ಕಾಪಾಡಿಕೊಂಡು, ಮಳೆ ಹಿಡಿದಾಗ ಬೇರು ಸಮೇತ ಕಿತ್ತು ನೆಡಿ. ಬೀದಿ ದೀಪದ ಬೆಳಕು ಬೀಳುವಲ್ಲಿ ಬೇಡ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡವದು. ನನ್ನ ಗೇಟಿನ ಬಳಿಯ ಕುಂಡಗಳು ದೀಪಾವಳಿ ಕಳೆದರೂ ಮೊಗ್ಗಿಲ್ಲದೆ ನಿಂತಿದ್ದವು. ಹಿತ್ತಲ ಕತ್ತಲಿಗೆ ಸರಿಸಿದ ಮೇಲೆಯೇ ಕಟ್ಟಿದ್ದು.