ಗುಂಡಣ್ಣನ ಕಣ್ಣು ಬಿಡಿಸಿದ್ದು

ಗುಂಡಣ್ಣನಿಗೆ ಕಣ್ಣು ಕಾಣುತ್ತಿಲ್ಲ ಅಂತ ಮೊದಲು ಗೊತ್ತಾಗಿದ್ದು ಮಗಳಿಗೆ. ಕಾಳು ಹಾಕಿದರೆ ಅದು ಮೂಗಿನ ಮುಂದೆಯೇ ಹಾದು ಕೆಳಗೆ ಹೋಗುತ್ತಿತ್ತು. ಇವನು ಆಮೇಲೆ ತಳಕ್ಕೆ ಇಳಿದು, ಕಲ್ಲುಗಳ ಮಧ್ಯೆ ತಡಕಾಡಿ, ವಾಸನೆ ಹಿಡಿದು ಹುಡುಕುತ್ತಿದ್ದ. ಜೊತೆಗಿದ್ದ ಇನ್ನೆರಡು ಮೀನು ಅಷ್ಟರಲ್ಲಿ ಮುಗಿಸಿರುತ್ತಿದ್ದವು. ಎರಡು ತಿಂಗಳಲ್ಲಿ ಬೆನ್ನು ಸಣ್ಣಗಾಯಿತು.

ಗುಂಡಣ್ಣ ಒರಾಂಡಾ ಜಾತಿಯ ಗೋಲ್ಡ್ ಫಿಶ್. ಬಾಲ ಸೇರಿಸಿದರೆ ಒಂದು ಗೇಣು ಇರಬಹುದು. ಒರಾಂಡಾ ತಲೆ ಮೇಲೆ ಹೂಕೋಸಿನ ಹಾಗೆ ಒಂದು ಗೊಂಚಲು ಬೆಳೆಯುತ್ತದೆ, ಅದಕ್ಕೆ ವೆನ್ ಅನ್ನುತ್ತಾರೆ. ರೋಗ ಅಲ್ಲ. ಚೀನಾ, ಜಪಾನ್ ಕಡೆಯವರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಮರಿ ಮಾಡಿಸಿ ತಂದ ಚೆಂದ ಅದು. ಕೆಲವು ಮೀನಿಗೆ ಆ ಚೆಂದ ನಿಲ್ಲುವುದೇ ಇಲ್ಲ, ಬೆಳೆಯುತ್ತಾ ಹೋಗಿ ಕಣ್ಣು ಮುಚ್ಚಿಬಿಡುತ್ತದೆ. ಗುಂಡಣ್ಣನ ಎಡಗಣ್ಣು ಪೂರ್ತಿ ಒಳಗೆ ಹೋಗಿತ್ತು. ಬಲಗಣ್ಣಿನ ಅಂಚು ಮಾತ್ರ ಹುಣ್ಣಿಮೆ ಕಳೆದ ಹದಿಮೂರನೇ ದಿನದ ಚಂದ್ರನಷ್ಟು ಕಾಣುತ್ತಿತ್ತು.

ಮೈಸೂರಿನಲ್ಲಿ ಎರಡು ಮೂರು ಕಡೆ ಪಶುವೈದ್ಯರನ್ನು ಕೇಳಿದೆ. ನಾಯಿ, ಬೆಕ್ಕು, ಹಸು ಎಲ್ಲ ನೋಡುತ್ತಾರೆ. ಮೀನು ಅಂದ ಕೂಡಲೇ ನಕ್ಕರು. "ಹೊಸದು ತಗೊಂಡ್ಬಿಡಿ ಸಾರ್" ಅಂದರು ಒಬ್ಬರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆದರೆ ಮಗಳು ಪಕ್ಕದಲ್ಲೇ ನಿಂತಿದ್ದಳು.

ನಾನೇ ಮಾಡುವ ಧೈರ್ಯ ಸುಮ್ನೆ ಬಂದಿದ್ದಲ್ಲ. ಇದಕ್ಕೆ ಮುಂಚೆ ಒಂದು ಮೀನನ್ನು ಕೊಂದ ಅನುಭವ ಇದೆ, ಅದನ್ನೂ ಹೇಳಿಬಿಡುತ್ತೇನೆ. ಏಳೆಂಟು ವರ್ಷದ ಹಿಂದೆ ಒಂದು ಬ್ಲ್ಯಾಕ್ ಮೂರ್ ಇತ್ತು, ಬಾಲದ ಹತ್ತಿರ ಗಂಟು ಎದ್ದಿತ್ತು. ಲವಂಗದ ಎಣ್ಣೆ ಹಾಕಿದರೆ ಮೀನಿಗೆ ಮಂಪರು ಬರುತ್ತದೆ ಅಂತ ಓದಿದ್ದೆ. ಅದು ನಿಜವೇ. ಲವಂಗದಲ್ಲಿರುವ ಯೂಜಿನಾಲ್ ಅನ್ನೋ ಅಂಶ ನಮ್ಮ ಹಲ್ಲುನೋವಿಗೆ ಹೇಗೋ ಹಾಗೆ ಮೀನಿಗೂ ಅರಿವಳಿಕೆ. ನಾನು ಮಾಡಿದ ತಪ್ಪು ಏನೆಂದರೆ, ಎಣ್ಣೆಯನ್ನು ನೇರವಾಗಿ ಬಕೆಟ್‌ಗೆ ಹನಿ ಹನಿಯಾಗಿ ಬಿಟ್ಟೆ. ಎಣ್ಣೆ ನೀರಿಗೆ ಬೆರೆಯುವುದಿಲ್ಲ ಅಲ್ವಾ? ಬೇರೆಯಾಗಿಯೇ ಕೂತಿತು. ಮೀನಿಗೆ ಏನೂ ಆಗಲಿಲ್ಲ. ಇನ್ನೂ ನಾಲ್ಕು ಹನಿ ಹಾಕಿದೆ, ಮತ್ತೆ ನಾಲ್ಕು. ಆಮೇಲೆ ಕೈಯಾಡಿಸಿದೆ, ಎಲ್ಲ ಒಟ್ಟಿಗೆ ಬೆರೆಯಿತು. ಮೀನು ಒಂದು ಸಲ ಮಗ್ಗುಲಾಯಿತು, ಮತ್ತೆ ಏಳಲಿಲ್ಲ. ಕತ್ತರಿ ಕೈಗೆ ತಗೊಳ್ಳುವ ಮುಂಚೆಯೇ ಮುಗಿದಿತ್ತು.

ಅದಕ್ಕೇ ಈ ಸಲ ಕತ್ತರಿಗಿಂತ ಜಾಸ್ತಿ ಯೋಚನೆ ಮಾಡಿದ್ದು ಬಕೆಟ್ ಬಗ್ಗೆ. 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯವರು ಜಾರ್ಜ್ ಅನ್ನೋ ಗೋಲ್ಡ್ ಫಿಶ್‌ನ ತಲೆಯಿಂದ ಗೆಡ್ಡೆ ತೆಗೆದ ಸುದ್ದಿ ನೆನಪಿರಬಹುದು. ಅವರು ಮೂರು ಬಕೆಟ್ ಇಟ್ಟುಕೊಂಡಿದ್ದರು. ಒಂದರಲ್ಲಿ ಮಂಪರು ಬರಿಸುವಷ್ಟು ಔಷಧಿ, ಇನ್ನೊಂದರಲ್ಲಿ ಮಂಪರು ಉಳಿಸುವಷ್ಟು, ಮೂರನೆಯದರಲ್ಲಿ ಶುದ್ಧ ನೀರು. ನನ್ನದು ಅಷ್ಟು ಹೊತ್ತಿನ ಕೆಲಸ ಅಲ್ಲ, ಎರಡು ಬಕೆಟ್ ಸಾಕಾಯಿತು. ಆದರೆ ಆ ಲೆಕ್ಕಾಚಾರ ಕಲಿತಿದ್ದು ಅಲ್ಲಿಂದಲೇ.

ಒಂದು ವಾರ ನೀರಿಗೇ ಹೋಯಿತು. ದಿನ ಬಿಟ್ಟು ದಿನ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಅಮೋನಿಯಾ ಪರೀಕ್ಷೆ ಸೊನ್ನೆಗೆ ಬರುವ ತನಕ ಕಾದೆ. ನೀರು ಸರಿ ಇಲ್ಲದ ತೊಟ್ಟಿಯಲ್ಲಿ ಗಾಯ ಮಾಡಿದರೆ ಅದು ಮಾಯುವುದಿಲ್ಲ. ಹಿಂದಿನ ದಿನ ಊಟ ಬಂದ್.

ಭಾನುವಾರ ಬೆಳಿಗ್ಗೆ ಅಡುಗೆಮನೆ ಕಟ್ಟೆ ಮೇಲೆ ಎಲ್ಲ ಜೋಡಿಸಿದೆ. ಎರಡು ಬಕೆಟ್‌ಗೂ ಅವನದೇ ತೊಟ್ಟಿಯ ನೀರು, ನಾಲ್ಕು ನಾಲ್ಕು ಲೀಟರ್ ಅಳೆದು. ಎರಡಕ್ಕೂ ಗಾಳಿ ಪಂಪಿನ ಕಲ್ಲು. ಲವಂಗದ ಎಣ್ಣೆ ಮೆಡಿಕಲ್ ಶಾಪಿನದು, ಬೇರೆ ಎಣ್ಣೆ ಬೆರೆಸಿಲ್ಲದ್ದು. ಹನಿ ಲೆಕ್ಕ ನಂಬಲಿಲ್ಲ, ಒಂದೊಂದು ಶೀಶೆಯ ಹನಿ ಒಂದೊಂದು ಗಾತ್ರ. ಸಿರಿಂಜ್‌ನಲ್ಲಿ 0.1 ಮಿಲಿ ಎಳೆದು, ಉಗುರುಬೆಚ್ಚಗಿನ ನೀರಿದ್ದ ಸಣ್ಣ ಬಾಟಲಿಗೆ ಹಾಕಿ, ಮಜ್ಜಿಗೆ ಕಡೆದ ಹಾಗೆ ಬೆಳ್ಳಗಾಗುವ ತನಕ ಕುಲುಕಿದೆ. ಅದನ್ನು ಸ್ವಲ್ಪ ಸ್ವಲ್ಪ ಬಕೆಟ್‌ಗೆ ಬಿಟ್ಟೆ. ಮನೆಯೆಲ್ಲ ಘಮಘಮ. ಪಕ್ಕದ ಮನೆಯವರು ಕಿಟಕಿಯಿಂದ "ಏನ್ರೀ, ಬೆಳಿಗ್ಗೆನೇ ಪಲಾವಾ?" ಅಂತ ಕೇಳಿದರು. ಹೌದು ಅಂದೆ. ಬೇರೆ ಏನು ಹೇಳಲಿ?

ಐದು ನಿಮಿಷಕ್ಕೆ ಗುಂಡಣ್ಣ ತೂರಾಡಲು ಶುರು ಮಾಡಿದ, ಆದರೆ ಬಾಲ ಚಿವುಟಿದರೆ ಎಳೆದುಕೊಳ್ಳುತ್ತಿದ್ದ. ಇನ್ನೊಂದು 0.1 ಮಿಲಿ ಕುಲುಕಿ ಹಾಕಿದೆ. ಮತ್ತೆ ಮೂರು ನಿಮಿಷಕ್ಕೆ ಪೂರ್ತಿ ಮಗ್ಗುಲಾದ. ಕಿವಿರು ಮಾತ್ರ ನಿಧಾನಕ್ಕೆ ತೆರೆದು ಮುಚ್ಚುತ್ತಿತ್ತು. ಬಾಲ ಚಿವುಟಿದೆ, ಅಲುಗಲಿಲ್ಲ. ನಮಗೆ ಬೇಕಾದ ಹಂತ ಇದೇ. ಕಿವಿರು ನಿಂತರೆ ಅದು ದಾಟಿ ಹೋದ ಹಂತ, ತಕ್ಷಣ ಶುದ್ಧ ನೀರಿಗೆ ಹಾಕಬೇಕು.

ಮಗಳ ಕೈಯಲ್ಲಿ ಮೊಬೈಲ್ ಗಡಿಯಾರ. ನೀರಿನಿಂದ ಹೊರಗೆ ಒಂದು ಸಲಕ್ಕೆ ಮೂವತ್ತು ಸೆಕೆಂಡ್ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಒದ್ದೆ ಸ್ಪಂಜಿನಲ್ಲಿ ಮೀನು ಕೂರುವಷ್ಟು ಸೀಳು ಮಾಡಿಟ್ಟಿದ್ದೆ, ಅದರಲ್ಲಿ ಅವನನ್ನು ನೆಟ್ಟಗೆ ಕೂರಿಸಿದೆ. ಕೈಗೆ ಒದ್ದೆ ಗ್ಲೌಸ್, ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕತ್ತರಿ ಕಸೂತಿಯದು, ತುದಿ ಸ್ವಲ್ಪ ಬಾಗಿದ್ದು, ಕುದಿಸಿ ಆರಿಸಿಟ್ಟಿದ್ದು.

ಮೊದಲ ತುಂಡು ಕತ್ತರಿಸುವಾಗ ನನ್ನ ಕೈ ನಡುಗಿತು. ರಬ್ಬರಿನ ಹಾಗೆ ಗಟ್ಟಿ ಇರುತ್ತೆ ಅಂದುಕೊಂಡಿದ್ದೆ. ಇಲ್ಲ, ತಾಟಿನುಂಗು ಕತ್ತರಿಸಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಬಿದ್ದ ಚೂರು ನೆನೆಸಿದ ಸಬ್ಬಕ್ಕಿಯಷ್ಟು, ಹಾಗೇ ಅರೆಪಾರದರ್ಶಕ. ರಕ್ತ ಇಲ್ಲ. "ಇಪ್ಪತ್ತೆಂಟು ಅಪ್ಪಾ!" ಅಂತ ಮಗಳು ಕೂಗಿದಳು. ಬಕೆಟ್‌ಗೆ ವಾಪಸ್. ಕಿವಿರು ಆಡುವುದನ್ನು ಎಣಿಸಿ ಮತ್ತೆ ಎತ್ತಿದೆ.

ಹೀಗೆ ಆರು ಸಲ. ಕಣ್ಣಿನ ಮೇಲೆ ಜೋತುಬಿದ್ದ ಬಿಳಿಚಿದ ಭಾಗ ಮಾತ್ರ ತೆಗೆದೆ. ಬುಡದ ಕಡೆ ಕೆಂಪಗೆ ಇರುತ್ತದೆ, ಅಲ್ಲಿಗೆ ಹೋಗಲಿಲ್ಲ. ಮೂಗಿನ ಹೊಳ್ಳೆಗಳೂ ಆ ಗೊಂಚಲಿನ ನಡುವೆಯೇ ಇರುತ್ತವೆ, ಎಲ್ಲಿವೆ ಅಂತ ನೋಡಿಕೊಳ್ಳದೆ ಕತ್ತರಿ ಆಡಿಸಬಾರದು. ಕತ್ತರಿಯ ತುದಿ ಯಾವಾಗಲೂ ಕಣ್ಣಿನಿಂದ ಆಚೆ ಕಡೆಗೆ. ಮೀನಿಗೆ ರೆಪ್ಪೆ ಇಲ್ಲ, ಮುಚ್ಚಿಕೊಳ್ಳಲು ಆಗುವುದಿಲ್ಲ. ಐದನೇ ಸಲ ಎಡಗಣ್ಣು ಹೊರಗೆ ಬಂತು. ಕಪ್ಪು ಪಾಪೆ, ಸುತ್ತ ಚಿನ್ನದ ಉಂಗುರ. ಮಗಳು ಗಡಿಯಾರ ನೋಡುವುದು ಮರೆತಳು. ಆರನೇ ಸಲ ದುರಾಸೆಗೆ ಇನ್ನೊಂದು ಚೂರು ತೆಗೆಯಲು ಹೋಗಿ ಸ್ವಲ್ಪ ಆಳ ಆಯಿತು. ದಾರದಷ್ಟು ರಕ್ತ ಬಂತು. ಅಲ್ಲಿಗೆ ನಿಲ್ಲಿಸಿದೆ. ಇಯರ್ ಬಡ್‌ನಲ್ಲಿ ಬೆಟಡಿನ್ ಅದ್ದಿ ಗಾಯಕ್ಕೆ ಮಾತ್ರ ಒತ್ತಿದೆ, ಕಣ್ಣಿಗೂ ಕಿವಿರಿಗೂ ತಾಗದ ಹಾಗೆ.

ಶುದ್ಧ ನೀರಿನ ಬಕೆಟ್‌ಗೆ ಹಾಕಿದಾಗ ಕಿವಿರು ಆಡುತ್ತಿರಲಿಲ್ಲ.

ಹಳೇ ಬ್ಲ್ಯಾಕ್ ಮೂರ್ ನೆನಪಾಯಿತು. ಬಾಯಿ ಗಾಳಿಗುಳ್ಳೆಗಳ ಕಡೆಗೆ ಬರುವ ಹಾಗೆ ಹಿಡಿದು, ನಿಧಾನಕ್ಕೆ ಮುಂದೆ ಮುಂದೆ ತಳ್ಳುತ್ತಾ ಬಕೆಟ್‌ನಲ್ಲಿ ಸುತ್ತು ಹಾಕಿಸಿದೆ. ಹಿಂದಕ್ಕೆ ಎಳೆಯಬಾರದು. ನೀರು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಹೊರಗೆ ಬರಬೇಕು, ಅದೇ ಅವನ ಉಸಿರು. ಒಂದು ನಿಮಿಷ. ಎರಡು. ಹೆಂಡತಿ ಬಾಗಿಲಲ್ಲಿ ನಿಂತು ಏನೂ ಮಾತಾಡದೆ ನೋಡುತ್ತಿದ್ದಳು. ಮೂರನೇ ನಿಮಿಷಕ್ಕೆ ಬಾಯಿ ಒಂದು ಸಲ ತೆರೆಯಿತು. ಆಮೇಲೆ ತುಂಬ ಹೊತ್ತು ಬಿಟ್ಟು ಇನ್ನೊಂದು ಸಲ. ಹತ್ತು ನಿಮಿಷಕ್ಕೆ ಬಾಲ ನನ್ನ ಅಂಗೈಗೆ ಬಡಿಯಿತು. ಕೈ ಬಿಟ್ಟೆ. ಕುಡಿದವನ ಹಾಗೆ ವಾಲುತ್ತಾ ಹೋಗಿ ಬಕೆಟ್ ಗೋಡೆಗೆ ಗುದ್ದಿದ.

ಮುಂದಿನದು ಶುಶ್ರೂಷೆ. ಇಪ್ಪತ್ತು ಲೀಟರ್ ಟಬ್‌ನಲ್ಲಿ ಒಬ್ಬನೇ, ಲೀಟರಿಗೆ 3 ಗ್ರಾಂನಂತೆ 60 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದ್ದೆ. ದಿನಾ ಅರ್ಧ ನೀರು ಬದಲಿಸಿದಾಗ ಹೊಸ ಹತ್ತು ಲೀಟರಿಗೆ ಬೇಕಾದ 30 ಗ್ರಾಂ ಮಾತ್ರ ಸೇರಿಸಬೇಕು. ಪ್ರತಿ ಸಲ 60 ಹಾಕಿದರೆ ನಾಲ್ಕು ದಿನಕ್ಕೆ ನೀರಿನ ಉಪ್ಪು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದು ತಮಾಷೆ ಅಲ್ಲ, ಜನ ಮಾಡುವ ತಪ್ಪು. ನಲ್ಲಿ ನೀರಿಗೆ ಆ್ಯಂಟಿ ಕ್ಲೋರಿನ್ ಹಾಕುವುದಂತೂ ಇದ್ದೇ ಇದೆ. ಗಾಯದ ಜಾಗ ಎರಡು ದಿನ ಬೆಳ್ಳಗೆ ಮಂಜು ಕವಿದ ಹಾಗಿತ್ತು, ಬೂಷ್ಟು ಹಿಡಿಯಿತಾ ಅಂತ ಹೆದರಿದೆ. ಹತ್ತಿಯ ಎಳೆಯಂತೆ ಏಳಲಿಲ್ಲ. ಐದನೇ ದಿನಕ್ಕೆ ತಿಳಿಯಾಯಿತು.

ಹೊಟ್ಟೆ ಊದಿದ ಮೀನಿಗೆ, ಹುರುಪೆ ಎದ್ದು ನಿಂತ ಮೀನಿಗೆ, ಮೈ ಒಳಗಿನ ಗಂಟಿಗೆ ನಾನು ಕತ್ತರಿ ಹಿಡಿಯುವುದಿಲ್ಲ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಜೋತುಬಿದ್ದ ವೆನ್ ಒಂದೇ ನನ್ನ ಮಟ್ಟದ್ದು.

ಎಂಟನೇ ದಿನ ಗುಂಡಣ್ಣನನ್ನು ತೊಟ್ಟಿಗೆ ಬಿಟ್ಟೆವು. ಮಗಳು ಕಾಳಿನ ಡಬ್ಬಿ ಎತ್ತಿದಳು, ಇನ್ನೂ ಮುಚ್ಚಳ ತೆಗೆದಿರಲಿಲ್ಲ. ಅವನು ತೊಟ್ಟಿಯ ಆ ತುದಿಯಿಂದ ನೇರ ಗಾಜಿನ ಹತ್ತಿರ ಬಂದ.

ಇದಾಗಿ ಐದು ತಿಂಗಳು. ವೆನ್ ಮತ್ತೆ ಬೆಳೆಯುತ್ತಿದೆ, ಬೆಳೆಯುತ್ತದೆ ಅಂತ ಗೊತ್ತೇ ಇತ್ತು. ಎಡಗಣ್ಣಿನ ಮೇಲೆ ಈಗಲೇ ಒಂದು ಮಡಿಕೆ ಇಳಿದಿದೆ. ಮಗಳ ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಭಾನುವಾರ ನೋಡಬೇಕು. ಕತ್ತರಿ ಸ್ಟೀಲ್ ಡಬ್ಬಿಯಲ್ಲಿದೆ, ಮೇಲೆ ಹೆಂಡತಿ ಚೀಟಿ ಅಂಟಿಸಿದ್ದಾಳೆ: "ಗುಂಡಣ್ಣಂದು. ಹಾಲಿನ ಪ್ಯಾಕೆಟ್‌ಗೆ ಮುಟ್ಟಬೇಡಿ."